ಭಾಗಾಕಾರದ ಲೆಕ್ಕಕ್ಕೆ ದಕ್ಷತೆ ಅಂತ ಹೆಸರಿಡಬೇಡಿ: ಸಾಂಖ್ಯಿಕ ಇಲಾಖೆಗೆ ಒಂದು ಬಹಿರಂಗ ಪತ್ರ

ಯೋಜನೆ, ಕಾರ್ಯಕ್ರಮ ಸಂಯೋಜನೆ ಮತ್ತು ಸಾಂಖ್ಯಿಕ ಇಲಾಖೆಯ ಹಾಗೂ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಅಧಿಕಾರಿಗಳಿಗೆ,
ಬೆಂಗಳೂರು

ಮಾನ್ಯರೇ,

ನಾನು ಬೆಂಗಳೂರಿನಲ್ಲಿ ಎಂ.ಎ. ಓದುವ ಮಕ್ಕಳಿಗೆ ಎಕನಾಮೆಟ್ರಿಕ್ಸ್, ಅಂದರೆ ಅರ್ಥಶಾಸ್ತ್ರದ ಪ್ರಶ್ನೆಗಳಿಗೆ ಅಂಕಿಅಂಶದಿಂದ ಉತ್ತರ ಹುಡುಕುವ ವಿದ್ಯೆ, ಪಾಠ ಮಾಡುವವನು. ನೇರವಾಗಿ ವಿಷಯಕ್ಕೆ ಬರುತ್ತೇನೆ. ಯಾವ ವಲಯ ಚೆನ್ನಾಗಿ ನಡೆಯುತ್ತಿದೆ, ಯಾವ ಡಿಪೋ ಹಿಂದೆ ಬಿದ್ದಿದೆ, ಯಾವ ಜಿಲ್ಲೆಯವರು ಕೆಲಸ ಮಾಡುತ್ತಿಲ್ಲ ಅಂತ ತೀರ್ಮಾನ ಮಾಡಲು ನಮ್ಮ ಕಚೇರಿಗಳಲ್ಲಿ ಇವತ್ತಿಗೂ ಹೆಚ್ಚಾಗಿ ನಡೆಯುವುದು ಒಂದೇ ಲೆಕ್ಕ. ಮೌಲ್ಯವನ್ನು ತಲೆಗಳಿಂದ ಭಾಗಿಸುವುದು. ಆದಾಯವನ್ನು ಕಿಲೋಮೀಟರಿನಿಂದ ಭಾಗಿಸುವುದು. ಇಳುವರಿಯನ್ನು ಹೆಕ್ಟೇರಿನಿಂದ ಭಾಗಿಸುವುದು. ಬಂದ ಅಂಕಿಗಳನ್ನು ಮೇಲಿಂದ ಕೆಳಕ್ಕೆ ಜೋಡಿಸಿ ಪಟ್ಟಿ ಮಾಡುವುದು. ಆಮೇಲೆ ಪಟ್ಟಿಯ ಕೊನೆಯಲ್ಲಿ ಇರುವವರು ಪ್ರಗತಿ ಪರಿಶೀಲನಾ ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡಬೇಕು.

ಈ ಲೆಕ್ಕವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಮೊದಲ ಹೆಜ್ಜೆ. ಅದನ್ನೇ ಕೊನೆಯ ಹೆಜ್ಜೆ ಮಾಡಿಕೊಂಡು ಅನುದಾನ, ಬಡ್ತಿ, ವರ್ಗಾವಣೆಗಳನ್ನು ಅದರ ಮೇಲೆ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಅನ್ಯಾಯ ಆಗುವುದು ಎರಡು ಕಡೆ. ಕಷ್ಟದ ಜಾಗದಲ್ಲಿ ಚೆನ್ನಾಗಿ ಕೆಲಸ ಮಾಡಿದವರಿಗೆ ಬೈಗುಳ ಸಿಗುತ್ತದೆ, ಸುಲಭದ ಜಾಗದಲ್ಲಿ ಸುಮ್ನೆ ಕೂತವರಿಗೆ ಹೊಗಳಿಕೆ ಸಿಗುತ್ತದೆ. ಇದನ್ನು ತಪ್ಪಿಸುವ ವಿಧಾನಗಳು ಬಂದು ಅರ್ಧ ಶತಮಾನ ಆಗುತ್ತಾ ಬಂತು. ಅವನ್ನು ಬಳಸಿ, ಬಳಸಲು ಬೇಕಾದ ಘಟಕವಾರು ಅಂಕಿಅಂಶವನ್ನು ಎಲ್ಲರಿಗೂ ತೆರೆದಿಡಿ ಅಂತ ಕೇಳಲು ಈ ಪತ್ರ.

ಬಸ್ಸಿನಿಂದ ಶುರು ಮಾಡೋಣ, ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಸಾರಿಗೆ ನಿಗಮಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಅಳತೆ ಇಪಿಕೆಎಂ. ಬಸ್ಸು ಒಂದು ಕಿಲೋಮೀಟರ್ ಓಡಿದ್ದಕ್ಕೆ ಎಷ್ಟು ದುಡ್ಡು ಬಂತು ಅನ್ನುವುದು. 2025ರ ಜನವರಿ 5ರಿಂದ ರಾಜ್ಯದ ನಾಲ್ಕೂ ನಿಗಮಗಳಲ್ಲಿ ಟಿಕೆಟ್ ದರ ಶೇ. 15ರಷ್ಟು ಏರಿತು. ಒಬ್ಬನೇ ಒಬ್ಬ ಪ್ರಯಾಣಿಕ ಜಾಸ್ತಿ ಹತ್ತದಿದ್ದರೂ ಇಪಿಕೆಎಂ ಮೇಲೆ ಹೋಗುತ್ತದೆ. ಡ್ರೈವರ್ ನಿನ್ನೆ ಮಾಡಿದ ಕೆಲಸವನ್ನೇ ಇವತ್ತೂ ಮಾಡಿದ್ದಾರೆ, ಕಂಡಕ್ಟರ್ ಕೂಡ ಅಷ್ಟೇ. ಏರಿದ್ದು ಬೆಲೆ. ಉತ್ಪಾದಕತೆ ಇದ್ದ ಕಡೆಯೇ ಇದೆ.

ಅದಕ್ಕೂ ಮುಂಚೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳು ಶೂನ್ಯ ದರದ ಟಿಕೆಟ್ ತೆಗೆದುಕೊಂಡು ಓಡಾಡುತ್ತಾರೆ, ಆ ಟಿಕೆಟ್‌ಗಳ ಮೊತ್ತವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡುತ್ತದೆ. ಬಸ್ಸಿನ ಕೆಲಸ ಜನರನ್ನು ಸಾಗಿಸುವುದು ಅಲ್ವಾ? ಹಾಗಾದರೆ ಜನ ತುಂಬಿದ ಬಸ್ಸು ಹೆಚ್ಚು ಕೆಲಸ ಮಾಡುತ್ತಿದೆ ಅನ್ನಬೇಕು. ಆದರೆ ಕೈಗೆ ಬಂದ ಟಿಕೆಟ್ ದುಡ್ಡು ಮಾತ್ರ ಎಣಿಸಿದರೆ ಅದೇ ಬಸ್ಸು ಕಳಪೆಯಾಗಿ ಕಾಣುತ್ತದೆ. ಸರ್ಕಾರ ಕೊಡುವ ದುಡ್ಡನ್ನೂ ಸೇರಿಸಿ ಎಣಿಸಿದರೆ ಇನ್ನೊಂದು ಥರ ಕಾಣುತ್ತದೆ. ಪ್ರಯಾಣಿಕರು ಕ್ರಮಿಸಿದ ಒಟ್ಟು ಕಿಲೋಮೀಟರ್ ಎಣಿಸಿದರೆ ಮೂರನೆಯ ಥರ. ಡಿಪೋ ಒಂದೇ, ತಿಂಗಳು ಒಂದೇ, ಉತ್ತರ ಮಾತ್ರ ಮೂರು.

ಇನ್ನು ಎಲೆಕ್ಟ್ರಿಕ್ ಬಸ್ಸು. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳು ಬಹುಪಾಲು ಗುತ್ತಿಗೆ ಪದ್ಧತಿಯಲ್ಲಿ ಓಡುತ್ತವೆ. ಬಸ್ಸು ಖಾಸಗಿ ಕಂಪನಿಯದು, ಡ್ರೈವರ್ ಆ ಕಂಪನಿಯವರು, ಕಂಡಕ್ಟರ್ ನಿಗಮದವರು, ಓಡಿದ ಕಿಲೋಮೀಟರಿಗೆ ಇಷ್ಟು ಅಂತ ನಿಗಮ ದುಡ್ಡು ಕೊಡುತ್ತದೆ. ಈಗ ಒಟ್ಟು ಕಿಲೋಮೀಟರನ್ನು ನಿಗಮದ ನೌಕರರ ಸಂಖ್ಯೆಯಿಂದ ಭಾಗಿಸಿ ನೋಡಿ. ಡ್ರೈವರ್‌ಗಳು ಲೆಕ್ಕದ ಪುಸ್ತಕದಿಂದ ಆಚೆ ಹೋದರು, ಆದ್ದರಿಂದ ತಲಾ ಉತ್ಪಾದಕತೆ ಏರಿದಂತೆ ಕಾಣುತ್ತದೆ. ಆದರೆ ಸ್ಟೀರಿಂಗ್ ಹಿಂದೆ ಒಬ್ಬರು ಮನುಷ್ಯರು ಕೂತೇ ಇದ್ದಾರೆ. ಅವರ ದುಡಿಮೆ ಸಂಬಳದ ಖಾತೆ ಬಿಟ್ಟು ಖರೀದಿ ಸೇವೆಯ ಖಾತೆಗೆ ಹೋಯಿತು ಅಷ್ಟೇ. ಇದನ್ನು ಕಾಣಬೇಕಾದರೆ ಕಾರ್ಮಿಕರು, ಬಂಡವಾಳ, ಇಂಧನ, ಸಾಮಗ್ರಿ, ಕೊಂಡ ಸೇವೆ ಎಲ್ಲವನ್ನೂ ಒಟ್ಟಿಗೆ ಇಟ್ಟು ಲೆಕ್ಕ ಮಾಡಬೇಕು. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಕ್ಲೆಮ್ಸ್ ದತ್ತಾಂಶ ಮಾಡುವುದು ಇದನ್ನೇ. ದೇಶದ ಅರ್ಥವ್ಯವಸ್ಥೆಯನ್ನು 27 ಉದ್ಯಮಗಳಾಗಿ ವಿಂಗಡಿಸಿ, 1980-81ರಿಂದ ಈಚೆಗೆ ಪ್ರತಿ ಉದ್ಯಮದಲ್ಲೂ ಈ ಐದು ಬಗೆಯ ಒಳಸುರಿಗಳನ್ನು ಲೆಕ್ಕ ಹಾಕಿ, ಎಲ್ಲ ಕಳೆದ ಮೇಲೆ ಉಳಿಯುವ ಬೆಳವಣಿಗೆಯನ್ನು ಬೇರೆಯಾಗಿ ತೋರಿಸುತ್ತದೆ. ಇಡೀ ದೇಶಕ್ಕೆ ಮಾಡಲು ಆಗುವುದಾದರೆ ಕರ್ನಾಟಕಕ್ಕೆ ಯಾಕೆ ಆಗುವುದಿಲ್ಲ?

ಹಾಗೆ ಉಳಿಯುವ ಭಾಗದ ಬಗ್ಗೆ ಒಂದು ಮಾತು. ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1957ರಲ್ಲಿ ಅಮೆರಿಕದ ಲೆಕ್ಕ ಮಾಡಿದಾಗ ಬಂಡವಾಳ ಮತ್ತು ದುಡಿಮೆ ಸೇರಿ ವಿವರಿಸಲಾಗದ ದೊಡ್ಡ ಪಾಲು ಉಳಿಯಿತು. ಅದನ್ನೇ ತಾಂತ್ರಿಕ ಪ್ರಗತಿ ಅಂತ ಕರೆದರು. ಅದಕ್ಕೆ ಒಂದು ವರ್ಷ ಮೊದಲೇ ಮೋಸೆಸ್ ಅಬ್ರಮೋವಿಟ್ಜ್ ಇಂಥ ಉಳಿಕೆಯನ್ನು ನಮ್ಮ ಅಜ್ಞಾನದ ಅಳತೆ ಅಂದಿದ್ದರು. ಎರಡೂ ಮಾತು ನಿಜ. ಉಳಿಕೆಯ ಒಳಗೆ ಹೊಸ ತಂತ್ರಜ್ಞಾನವೂ ಇರುತ್ತದೆ, ಒಳ್ಳೆ ಮ್ಯಾನೇಜ್‌ಮೆಂಟೂ ಇರುತ್ತದೆ, ಮಳೆಯೂ ಇರುತ್ತದೆ, ಎಣಿಕೆಯ ತಪ್ಪೂ ಇರುತ್ತದೆ. ಎಕನಾಮೆಟ್ರಿಕ್ಸ್ ಅನ್ನುವ ವಿದ್ಯೆ ಬೇಕಾಗುವುದು ಇವನ್ನು ಒಂದರಿಂದ ಒಂದು ಬಿಡಿಸಲು.

ಬಿಡಿಸುವುದು ಹೇಗೆ? ಮತ್ತೆ ಡಿಪೋ ನೋಡಿ. ಒಂದು ಡಿಪೋದ ಬಸ್ಸುಗಳು ದಿನವಿಡೀ ಟ್ರಾಫಿಕ್ ಕಟ್ಟಿಕೊಳ್ಳುವ ಸಿಲ್ಕ್ ಬೋರ್ಡ್, ಹೆಬ್ಬಾಳದ ಕಡೆ ಓಡುತ್ತವೆ. ಇನ್ನೊಂದರ ಬಸ್ಸುಗಳು ಊರಾಚೆಯ ಖಾಲಿ ರಸ್ತೆಗಳಲ್ಲಿ. ಮೊದಲನೆಯ ಡಿಪೋದ ಬಸ್ಸು ಲೀಟರಿಗೆ ಕಡಿಮೆ ಕಿಲೋಮೀಟರ್ ಕೊಡುತ್ತದೆ, ಟ್ರಿಪ್ ಕಟ್ಟಾಗುವುದು ಜಾಸ್ತಿ, ಕ್ಲಚ್ ಬೇಗ ಸವೆಯುತ್ತದೆ. ಇದರಲ್ಲಿ ಡಿಪೋ ಮ್ಯಾನೇಜರ್ ತಪ್ಪೆಷ್ಟು, ರಸ್ತೆಯ ಪಾಲೆಷ್ಟು? 1957ರಲ್ಲೇ ಮೈಕೆಲ್ ಫ್ಯಾರೆಲ್ ಅನ್ನುವವರು ಇದಕ್ಕೆ ದಾರಿ ತೋರಿಸಿದರು. ಇಷ್ಟು ಒಳಸುರಿ ಹಾಕಿದರೆ ಹೆಚ್ಚೆಂದರೆ ಎಷ್ಟು ಉತ್ಪನ್ನ ತೆಗೆಯಬಹುದು ಅನ್ನುವ ಒಂದು ಗಡಿರೇಖೆಯನ್ನು ಘಟಕಗಳ ಅನುಭವದಿಂದಲೇ ಎಳೆಯಿರಿ. ಆ ರೇಖೆಯಿಂದ ಯಾರು ಎಷ್ಟು ಕೆಳಗೆ ಇದ್ದಾರೆ ಅನ್ನುವುದು ಅವರ ಅದಕ್ಷತೆ. ರೇಖೆಯೇ ಮೇಲೆ ಸರಿದರೆ ಅದು ತಾಂತ್ರಿಕ ಪ್ರಗತಿ. ಭಾಗಾಕಾರದಲ್ಲಿ ಈ ಎರಡೂ ಒಂದೇ ಅಂಕಿಯೊಳಗೆ ಕಲಸಿಹೋಗುತ್ತವೆ.

ರೇಖೆ ಸರಿಯುವುದಕ್ಕೆ ನಮ್ಮದೇ ಉದಾಹರಣೆ ಇದೆ. ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಆ ಬೀಜ ಬಂದ ಮೇಲೆ ಅದೇ ಹೊಲ, ಅದೇ ಮಳೆಯಲ್ಲಿ ತೆಗೆಯಬಹುದಾದ ರಾಗಿ ಜಾಸ್ತಿಯಾಯಿತು. ಗಡಿರೇಖೆ ಮೇಲೆ ಹೋಯಿತು. ಬೀಜ ಇನ್ನೂ ಸಿಗದ ಊರಿನ ರೈತ ಹಿಂದಿನ ವರ್ಷದಷ್ಟೇ ಜಾಣತನದಿಂದ ಬೆಳೆದಿದ್ದರೂ ಹೊಸ ರೇಖೆಯ ಮುಂದೆ ಹಿಂದುಳಿದವನಾಗಿ ಕಾಣುತ್ತಾನೆ. ಅವನಿಗೆ ಬೇಕಾದ್ದು ಬೀಜ. ಎರಡನ್ನೂ ಬೇರೆ ಮಾಡದ ಲೆಕ್ಕ ನೋಡಿ ಅಧಿಕಾರಿಗಳು ಅವನಿಗೆ ತರಬೇತಿ ಶಿಬಿರ ಏರ್ಪಾಡು ಮಾಡುತ್ತಾರೆ. ಮಾಲ್ಮ್‌ಕ್ವಿಸ್ಟ್ ಸೂಚ್ಯಂಕ ಅಂತ ಒಂದಿದೆ. ಒಟ್ಟು ಬದಲಾವಣೆಯಲ್ಲಿ ರೇಖೆ ಸರಿದದ್ದೆಷ್ಟು, ಘಟಕ ರೇಖೆಗೆ ಹತ್ತಿರ ಬಂದದ್ದೆಷ್ಟು ಅಂತ ಅದು ಬೇರೆ ಬೇರೆಯಾಗಿ ಹೇಳುತ್ತದೆ.

ಮಳೆಯ ಮಾತು ಬಂತಲ್ಲ, ಅದನ್ನು ಇನ್ನೂ ಸ್ವಲ್ಪ ಹೇಳಬೇಕು. ರೇಖೆಯ ಕೆಳಗೆ ಇರುವ ಎಲ್ಲವನ್ನೂ ಅದಕ್ಷತೆ ಅಂದುಬಿಟ್ಟರೆ ಮಳೆ ಕೈಕೊಟ್ಟ ರೈತನೂ ಅದಕ್ಷನಾಗುತ್ತಾನೆ. 1977ರಲ್ಲಿ ಏಗ್ನರ್, ಲೋವೆಲ್, ಶ್ಮಿಟ್ ಮೂವರು ಸೇರಿ, ಅದೇ ವರ್ಷ ಬೇರೆಯಾಗಿ ಮ್ಯೂಸೆನ್ ಮತ್ತು ವಾನ್ ಡೆನ್ ಬ್ರೂಕ್ ಕೂಡ, ಸ್ಟೊಕಾಸ್ಟಿಕ್ ಫ್ರಂಟಿಯರ್ ಅನ್ನುವ ವಿಧಾನ ಕೊಟ್ಟರು. ಅದರಲ್ಲಿ ರೇಖೆಯಿಂದ ಇರುವ ದೂರವನ್ನು ಎರಡು ಪಾಲು ಮಾಡುತ್ತಾರೆ. ಒಂದು ಅದೃಷ್ಟ: ಮಳೆ, ರೋಗ, ಅಪಘಾತ, ಅಂಕಿ ಬರೆದುಕೊಂಡವರ ತಪ್ಪು. ಇದು ಮೇಲೂ ಎಳೆಯಬಹುದು, ಕೆಳಗೂ ಎಳೆಯಬಹುದು. ಇನ್ನೊಂದು ನಿಜವಾದ ಅದಕ್ಷತೆ, ಅದು ಕೆಳಗೆ ಮಾತ್ರ ಎಳೆಯುತ್ತದೆ. ಈ ಒಂದೇ ವ್ಯತ್ಯಾಸವನ್ನು ಹಿಡಿದುಕೊಂಡು ಎರಡನ್ನೂ ಬಿಡಿಸುತ್ತಾರೆ. ಅದೇ ಘಟಕವನ್ನು ಹಲವು ವರ್ಷ ನೋಡಿದ್ದರೆ ಇನ್ನೂ ಗಟ್ಟಿಯಾಗಿ ಹೇಳಬಹುದು, ಯಾಕೆಂದರೆ ಅದೃಷ್ಟ ವರ್ಷವರ್ಷಕ್ಕೆ ಬದಲಾಗುತ್ತದೆ, ಅಭ್ಯಾಸ ಅಷ್ಟು ಬೇಗ ಬದಲಾಗುವುದಿಲ್ಲ.

ಹಲವು ವರ್ಷಗಳ ಅಂಕಿ ಇದ್ದಾಗ ಈ ಲೆಕ್ಕವನ್ನು ಹೇಗೆ ಮಾಡಬೇಕು ಅಂತ ತೋರಿಸಿದ, ಜಗತ್ತಿನಾದ್ಯಂತ ಓದುವ ಒಂದು ಪ್ರಬಂಧ 1992ರಲ್ಲಿ ಬಂತು, ಬ್ಯಾಟೀಸ್ ಮತ್ತು ಕೊಯೆಲ್ಲಿ ಅವರದು. ಅವರು ಉದಾಹರಣೆಗೆ ತೆಗೆದುಕೊಂಡದ್ದು ಯಾರನ್ನು ಗೊತ್ತಾ? ಇಂದಿನ ತೆಲಂಗಾಣದ ಔರೆಪಲ್ಲಿ ಅನ್ನುವ ಹಳ್ಳಿಯ ಭತ್ತದ ರೈತರನ್ನು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯವರು ಹತ್ತು ವರ್ಷಗಳವರೆಗೆ ಅಲ್ಲಿನ ಹೊಲಗಳ ಲೆಕ್ಕವನ್ನು ಬಿಡದೆ ಬರೆದಿಟ್ಟಿದ್ದರು. ನಮ್ಮ ರಾಯಚೂರಿನ ಪಕ್ಕದ ಸೀಮೆ ಅದು. ಲೆಕ್ಕ ಶ್ರದ್ಧೆಯಿಂದ ಇಟ್ಟರೆ ಒಂದು ಹಳ್ಳಿಯಿಂದಲೇ ಜಗತ್ತಿಗೆ ಪಾಠ ಹೋಗುತ್ತದೆ.

ಈಗ ಪೀಣ್ಯಕ್ಕೆ ಬನ್ನಿ. ಅಲ್ಲಿನ ಸಣ್ಣ ಕಾರ್ಖಾನೆಗಳನ್ನು ತಲಾ ವಹಿವಾಟಿನಿಂದ ಅಳೆಯುವುದು ಎಷ್ಟು ತಪ್ಪು ಅಂತ ಅಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಒಂದು ಶೆಡ್ಡಿನವರು ಜಾಬ್ ವರ್ಕ್ ಮಾಡುತ್ತಾರೆ. ಕಬ್ಬಿಣ ಗಿರಾಕಿಯದು, ಇವರದು ಮೆಷಿನಿಂಗ್ ಮಾತ್ರ, ಬಿಲ್ಲು ಮೆಷಿನ್ ಗಂಟೆಯ ಲೆಕ್ಕದಲ್ಲಿ. ಪಕ್ಕದ ಶೆಡ್ಡಿನವರು ಕಬ್ಬಿಣ ತಾವೇ ಕೊಂಡು ಅದೇ ಪಾರ್ಟ್ ಮಾಡಿ ಮಾರುತ್ತಾರೆ. ಎರಡೂ ಕಡೆ ಅದೇ ಸಿಎನ್‌ಸಿ ಮೆಷಿನ್, ಅಷ್ಟೇ ಜನ, ಅಷ್ಟೇ ಪೀಸು. ಎರಡನೆಯವರ ವಹಿವಾಟಿನಲ್ಲಿ ಕಬ್ಬಿಣದ ಬೆಲೆ ಸೇರಿರುವುದರಿಂದ ತಲಾ ವಹಿವಾಟು ಎಷ್ಟೋ ಪಟ್ಟು ಜಾಸ್ತಿ. ಸಾಮಗ್ರಿ ಕಳೆದು ಸೇರಿಸಿದ ಮೌಲ್ಯವನ್ನು ನೋಡದೆ ಯಾರು ಮೇಲು ಅಂತ ಹೇಳಲು ಆಗುವುದಿಲ್ಲ. ಅದು ಆದ ಮೇಲೂ ಬೆಲೆಯ ತೊಡಕು ಉಳಿಯುತ್ತದೆ. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿಕೊಂಡ ಶೆಡ್ಡಿಗೆ ರೇಟು ಕಡಿಮೆ ಸಿಗುತ್ತದೆ. ಅವರು ಕೈಚಳಕದಲ್ಲಿ ಹಿಂದೆ ಇಲ್ಲ, ಚೌಕಾಸಿಯಲ್ಲಿ ಹಿಂದೆ ಇದ್ದಾರೆ. ರೂಪಾಯಿಯಲ್ಲಿ ಅಳೆದ ಉತ್ಪಾದಕತೆ ಬೇರೆ, ಪೀಸಿನಲ್ಲಿ ಅಳೆದ ಉತ್ಪಾದಕತೆ ಬೇರೆ.

ಇಷ್ಟು ಸರಿ ಮಾಡಿ ರಿಗ್ರೆಶನ್, ಅಂದರೆ ಯಾವ ಒಳಸುರಿಯಿಂದ ಎಷ್ಟು ಉತ್ಪನ್ನ ಬಂತು ಅಂತ ಅಂದಾಜು ಮಾಡುವ ಲೆಕ್ಕ, ಹಾಕಿದರೂ ಇನ್ನೊಂದು ಹಳೇ ಸಮಸ್ಯೆ ಕಾಯುತ್ತಿರುತ್ತದೆ. ಮಾರ್ಷಾಕ್ ಮತ್ತು ಆಂಡ್ರ್ಯೂಸ್ ಇದನ್ನು 1944ರಲ್ಲೇ ಹೇಳಿದ್ದರು. ಜಾಣ ಮಾಲೀಕ ತನ್ನ ಕಾರ್ಖಾನೆ ಚೆನ್ನಾಗಿ ನಡೆಯುತ್ತಿದೆ ಅಂತ ತನಗೆ ಗೊತ್ತಿರುವುದರಿಂದಲೇ ಜನರನ್ನು ಜಾಸ್ತಿ ಇಟ್ಟುಕೊಳ್ಳುತ್ತಾನೆ. ಅವನಿಗೆ ಗೊತ್ತಿರುವುದು ನಮಗೆ ಕಾಣುವುದಿಲ್ಲ. ಆಗ ಜನ ಜಾಸ್ತಿ ಇದ್ದದ್ದಕ್ಕೆ ಉತ್ಪನ್ನ ಬಂತೋ, ಜಾಣತನಕ್ಕೆ ಬಂತೋ ಅನ್ನುವುದು ಸಾದಾ ರಿಗ್ರೆಶನ್ನಿಗೆ ತಿಳಿಯದೆ, ಜಾಣತನದ ಫಲವನ್ನೂ ಅದು ತಲೆಗಳ ಲೆಕ್ಕಕ್ಕೆ ಬರೆಯುತ್ತದೆ. ಓಲಿ ಮತ್ತು ಪೇಕ್ಸ್ 1996ರಲ್ಲಿ ಹೂಡಿಕೆಯನ್ನು ನೋಡಿ ಈ ಕಾಣದ ಜಾಣತನವನ್ನು ಊಹಿಸುವ ದಾರಿ ಕೊಟ್ಟರು. ಲೆವಿನ್‌ಸೋನ್ ಮತ್ತು ಪೆಟ್ರಿನ್ 2003ರಲ್ಲಿ ಹೂಡಿಕೆಯ ಬದಲು ಕರೆಂಟ್, ಸಾಮಗ್ರಿಯಂಥ ದಿನದಿನದ ಬಳಕೆಯನ್ನು ಹಿಡಿದರು. ಸಣ್ಣ ಕಾರ್ಖಾನೆಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಯಾಕೆಂದರೆ ಸಣ್ಣವರು ಪ್ರತಿವರ್ಷ ಹೊಸ ಮೆಷಿನ್ ಕೊಳ್ಳುವುದಿಲ್ಲ, ಆದರೆ ಕರೆಂಟ್ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ.

ಆದರೆ ಕರೆಂಟೇ ಹೋದರೆ? ಅದಕ್ಕೂ ಲೆಕ್ಕ ಇದೆ. ಆಲ್ಕಾಟ್, ಕಾಲರ್ಡ್-ವೆಕ್ಸ್‌ಲರ್, ಓಕಾನೆಲ್ ಅವರ 2016ರ ಅಧ್ಯಯನ ಭಾರತದ ಕಾರ್ಖಾನೆಗಳನ್ನೇ ನೋಡಿತು. ಕರೆಂಟ್ ಕೊರತೆಯಿಂದ ಸರಾಸರಿ ಕಾರ್ಖಾನೆಯ ಆದಾಯ ಶೇ. 5ರಿಂದ 10ರಷ್ಟು ಕುಸಿಯುತ್ತದೆ, ಉತ್ಪಾದಕತೆಯ ನಷ್ಟ ಅದಕ್ಕಿಂತ ತುಂಬಾ ಕಡಿಮೆ ಅಂತ ತೋರಿಸಿತು. ಕರೆಂಟ್ ಇಲ್ಲದಾಗ ಕಚ್ಚಾ ಸಾಮಗ್ರಿ ಖರ್ಚಾಗದೆ ಹಾಗೇ ಉಳಿಯುತ್ತದಲ್ಲ, ಅದಕ್ಕೆ. ಜನರೇಟರ್ ಇಲ್ಲದ ಸಣ್ಣವರಿಗೆ ಏಟು ಜಾಸ್ತಿ. ಈ ಅಧ್ಯಯನದಲ್ಲಿ ನನಗೆ ತುಂಬಾ ಇಷ್ಟವಾಗುವುದು ಅವರು ಹಿಡಿದ ದಾರಿ. ಕರೆಂಟ್ ಜಾಸ್ತಿ ಹೋಗುವ ಊರು ಮೊದಲೇ ಬಡ ಊರಾಗಿರಬಹುದು, ಹಾಗಾಗಿ ನೇರ ಹೋಲಿಕೆ ಮೋಸ ಮಾಡುತ್ತದೆ. ಅದಕ್ಕೆ ಅವರು ಜಲವಿದ್ಯುತ್ ವರ್ಷವರ್ಷ ಏರಿಳಿಯುವುದನ್ನು ಬಳಸಿದರು. ನಮ್ಮ ಮಕ್ಕಳಿಗೆ ನಾನು ಹೇಳುವುದು ಹೀಗೆ: ಲಿಂಗನಮಕ್ಕಿ ಜಲಾಶಯಕ್ಕೆ ಈ ವರ್ಷ ಎಷ್ಟು ನೀರು ಬಂತು ಅನ್ನುವುದಕ್ಕೂ ಪೀಣ್ಯದ ಮಾಲೀಕನ ಜಾಣತನಕ್ಕೂ ಏನೂ ಸಂಬಂಧ ಇಲ್ಲ, ಆದರೆ ಆ ನೀರಿಗೂ ರಾಜ್ಯದಲ್ಲಿ ಸಿಗುವ ಕರೆಂಟಿಗೂ ಸಂಬಂಧ ಇದೆ, ಆದ್ದರಿಂದ ಆ ನೀರಿನ ಏರಿಳಿತದಿಂದ ಬಂದ ಕರೆಂಟಿನ ಏರಿಳಿತವನ್ನು ಮಾತ್ರ ಹಿಡಿದು ನೋಡಿದರೆ ಕಾರಣ ಯಾವುದು, ಪರಿಣಾಮ ಯಾವುದು ಅಂತ ಬಿಡಿಸಬಹುದು.

ಇಂಥ ಕೆಲಸಕ್ಕೆ ದತ್ತಾಂಶ ಬಂದದ್ದು ಎಲ್ಲಿಂದ? ಕೇಂದ್ರ ಸರ್ಕಾರದ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಿಂದ. ಹೆಸರು, ವಿಳಾಸ ತೆಗೆದು, ಕಾರ್ಖಾನೆವಾರು ಅಂಕಿಯನ್ನು ಅವರು ಸಂಶೋಧಕರಿಗೆ ಕೊಡುತ್ತಾರೆ. ಗುತ್ತಿಗೆ ಕಾರ್ಮಿಕರನ್ನೂ ಬೇರೆಯಾಗಿ ಎಣಿಸುತ್ತಾರೆ. ಚಾಂಗ್-ತಾಯ್ ಶೇ ಮತ್ತು ಪೀಟರ್ ಕ್ಲೀನೋ ಅನ್ನುವ ಅರ್ಥಶಾಸ್ತ್ರಜ್ಞರು 2009ರಲ್ಲಿ ಇದೇ ಸಮೀಕ್ಷೆಯಿಂದ, ಭಾರತದಲ್ಲಿ ಬಂಡವಾಳ ಮತ್ತು ದುಡಿಮೆ ಅಮೆರಿಕದ ಮಟ್ಟಿಗಾದರೂ ಸರಿಯಾದ ಕಾರ್ಖಾನೆಗಳಿಗೆ ಹಂಚಿಹೋದರೆ ತಯಾರಿಕಾ ವಲಯದ ಒಟ್ಟು ಉತ್ಪಾದಕತೆ ಶೇ. 40ರಿಂದ 60ರಷ್ಟು ಏರಬಹುದು ಅಂತ ಲೆಕ್ಕ ಹಾಕಿದರು. ಆ ಅಂಕಿಯಲ್ಲಿ ಎಣಿಕೆಯ ತಪ್ಪಿನ ಪಾಲೂ ಇದೆ ಅಂತ ಆಮೇಲೆ ವಾದ ನಡೆದಿದೆ, ನಡೆಯಬೇಕಾದದ್ದೇ. ವಾದ ಮಾಡಲು ಆದದ್ದು ಅಂಕಿ ತೆರೆದಿದ್ದರಿಂದ.

ಗಾರ್ಮೆಂಟ್ಸ್ ಬಗ್ಗೆ ಹೇಳದೆ ಬೆಂಗಳೂರಿನ ಉತ್ಪಾದಕತೆಯ ಮಾತು ಮುಗಿಯುವುದಿಲ್ಲ. ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ದಕ್ಷತೆಯ ಅಂಕಿ ಪ್ರತಿ ಗಂಟೆಗೆ ಬೋರ್ಡಿನ ಮೇಲೆ ಬರುತ್ತದೆ. ಒಂದು ಪೀಸಿಗೆ ಇಷ್ಟು ನಿಮಿಷ ಅಂತ ಮೊದಲೇ ನಿಗದಿ, ಅದನ್ನು ಪೀಸುಗಳಿಂದ ಗುಣಿಸಿ, ಲೈನಿನಲ್ಲಿ ಕೂತವರ ಒಟ್ಟು ನಿಮಿಷಗಳಿಂದ ಭಾಗಿಸಿದರೆ ಆ ಲೈನಿನ ಎಫಿಶಿಯನ್ಸಿ. ಟಾರ್ಗೆಟ್ ಮುಟ್ಟದಿದ್ದರೆ ಹೆಣ್ಣುಮಕ್ಕಳು ಬೈಸಿಕೊಳ್ಳುತ್ತಾರೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ ಅಧ್ವರ್ಯು, ಕಲಾ, ನೈಷಧಂ ಅವರು ಮಾಡಿದ ಅಧ್ಯಯನ ಒಂದಿದೆ. ಸೆಕೆ ಜಾಸ್ತಿಯಾದ ದಿನ ಲೈನಿನ ದಕ್ಷತೆ ಬೀಳುತ್ತದೆ. ಹಳೇ ದೀಪಗಳನ್ನು ತೆಗೆದು ಕಡಿಮೆ ಬಿಸಿ ಸೂಸುವ ಎಲ್‌ಇಡಿ ಹಾಕಿದ ಕಡೆ ಆ ಬೀಳುವಿಕೆ ಬಹುಪಾಲು ಇಲ್ಲವಾಯಿತು. ಅಂದರೆ ಬೋರ್ಡಿನ ಮೇಲೆ ಬರೆದ ಕಡಿಮೆ ಅಂಕಿಯಲ್ಲಿ ಒಂದು ಪಾಲು ಛಾವಣಿಯ ಬಿಸಿಯದು, ಹೊಲಿಯುವವರದಲ್ಲ. ಬೈಗುಳ ಮಾತ್ರ ಹೊಲಿಯುವವರಿಗೆ ಬೀಳುತ್ತದೆ. ನನಗೆ ಈ ವಿಷಯ ಬರೀ ತರಗತಿಯ ವಿಷಯ ಆಗಿ ಉಳಿಯದಿರಲು ಇದೇ ಕಾರಣ.

ಈಗ ನಿಮ್ಮದೇ ಮನೆಯ ಲೆಕ್ಕಕ್ಕೆ ಬರುತ್ತೇನೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಬೆಂಗಳೂರು ನಗರ ಜಿಲ್ಲೆಯ ಪಾಲು ಮೂರನೇ ಒಂದಕ್ಕಿಂತ ಜಾಸ್ತಿ ಅಂತ ಆರ್ಥಿಕ ಸಮೀಕ್ಷೆಯಲ್ಲಿ ಪ್ರತಿವರ್ಷ ಓದುತ್ತೇವೆ. ಅದನ್ನು ನೋಡಿ ಪತ್ರಿಕೆಗಳು, ಟಿವಿಯವರು ಬೆಂಗಳೂರಿನ ಒಬ್ಬ ಕೆಲಸಗಾರ ಕಲಬುರಗಿಯ ಇಷ್ಟು ಕೆಲಸಗಾರರಿಗೆ ಸಮ ಅಂತ ಭಾಗಿಸಿ ಹೇಳುತ್ತಾರೆ. ಆದರೆ ಅಸಂಘಟಿತ ವಲಯದ ದೊಡ್ಡ ಭಾಗದಲ್ಲಿ ಮೌಲ್ಯವನ್ನು ನೇರವಾಗಿ ಯಾರೂ ಅಳೆದಿರುವುದಿಲ್ಲ. ಸಮೀಕ್ಷೆಯಿಂದ ತಲಾ ಕೆಲಸಗಾರನ ಮೌಲ್ಯ ತೆಗೆದುಕೊಂಡು, ಅದನ್ನು ಕೆಲಸಗಾರರ ಸಂಖ್ಯೆಯಿಂದ ಗುಣಿಸಿ ಒಟ್ಟು ಮೊತ್ತ ಮಾಡಿರುತ್ತಾರೆ. ಜಿಲ್ಲೆಗಳಿಗೆ ಬಂದಾಗ ಎಷ್ಟೋ ಚಟುವಟಿಕೆಗಳಲ್ಲಿ ರಾಜ್ಯದ ಮೊತ್ತವನ್ನೇ ಯಾವುದಾದರೂ ಸೂಚಕದ ಪ್ರಕಾರ ಹಂಚಿರುತ್ತಾರೆ. ಅಂಕಿ ಕಡಿಮೆ ಇದ್ದಾಗ ಇದು ಒಪ್ಪುವ ಪದ್ಧತಿ, ತಪ್ಪೇನಿಲ್ಲ. ಆದರೆ ಕೆಲಸಗಾರರ ಸಂಖ್ಯೆಯಿಂದ ಗುಣಿಸಿ ಮಾಡಿದ ಮೊತ್ತವನ್ನು ಮತ್ತೆ ಕೆಲಸಗಾರರ ಸಂಖ್ಯೆಯಿಂದಲೇ ಭಾಗಿಸಿದರೆ ಏನು ಸಿಗುತ್ತದೆ? ನಾವೇ ಒಳಗೆ ಹಾಕಿದ್ದು ಆಚೆ ಬರುತ್ತದೆ. ಎರಡು ಜಿಲ್ಲೆಗಳ ಚಿಲ್ಲರೆ ವ್ಯಾಪಾರದ ಉತ್ಪಾದಕತೆ ಸಮ ಅಂತ ಕಂಡರೆ ಅದು ಅಂಗಡಿಯವರ ಬಗ್ಗೆ ಏನೂ ಹೇಳುವುದಿಲ್ಲ, ನಾವು ಹಂಚಿದ ರೀತಿಯನ್ನು ಹೇಳುತ್ತದೆ. ಯಾವ ಅಂಕಿ ಅಳೆದದ್ದು, ಯಾವ ಅಂಕಿ ಹಂಚಿದ್ದು ಅಂತ ಪ್ರತಿ ಕೋಷ್ಟಕದಲ್ಲೂ ಗುರುತು ಹಾಕಿ. ಇಷ್ಟು ಮಾಡಿದರೇ ಅರ್ಧ ತಪ್ಪು ಸುದ್ದಿಗಳು ನಿಂತುಹೋಗುತ್ತವೆ.

ಸರ್ಕಾರಿ ಸೇವೆಯ ಲೆಕ್ಕ ಇನ್ನೂ ತೊಡಕಿನದು. ಶಾಲೆ, ಆಸ್ಪತ್ರೆ, ಕಚೇರಿಗಳ ಉತ್ಪನ್ನಕ್ಕೆ ಮಾರುಕಟ್ಟೆ ಬೆಲೆ ಇಲ್ಲದ ಕಾರಣ ಮಾಡಿದ ಖರ್ಚನ್ನೇ, ಮುಖ್ಯವಾಗಿ ಸಂಬಳವನ್ನೇ, ಉತ್ಪನ್ನ ಅಂತ ಬರೆದುಕೊಳ್ಳುತ್ತಾರೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ಚಾಲ್ತಿ ಬೆಲೆಯಲ್ಲಿ ಈ ಉತ್ಪನ್ನ ಏರಿತು. ಶಿಕ್ಷಕರಿಗೆ ಸಂಬಳ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳು ಏನು ಕಲಿತರು ಅನ್ನುವುದಕ್ಕೆ ಬೇರೆ ಅಳತೆ ಬೇಕು. ಬ್ರಿಟನ್ನಿನಲ್ಲಿ 2005ರ ಅಟ್ಕಿನ್‌ಸನ್ ವರದಿ ಸಾರ್ವಜನಿಕ ಸೇವೆಗಳ ಉತ್ಪನ್ನವನ್ನು ಖರ್ಚಿನಿಂದ ಬಿಡಿಸಿ ಅಳೆಯುವುದು ಹೇಗೆ ಅಂತ ವಿವರವಾಗಿ ಹೇಳಿತು.

ನಮ್ಮಲ್ಲಿ ಮಕ್ಕಳ ಕಲಿಕೆಗೆ ಇರುವ ದೊಡ್ಡ ಅಳತೆ ಎಸ್‌ಎಸ್‌ಎಲ್‌ಸಿ ಫಲಿತಾಂಶ. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಆ ದಿನ ಪಟ್ಟಿಯ ಕೊನೆಯ ಜಿಲ್ಲೆಯ ಶಿಕ್ಷಕರಿಗೆ ಆಗುವ ಅವಮಾನ ನೆನೆಸಿಕೊಳ್ಳಿ. ಎಂಟನೇ ತರಗತಿಗೆ ಬರುವಾಗ ಆ ಮಕ್ಕಳಿಗೆ ಎಷ್ಟು ಓದಲು ಬರುತ್ತಿತ್ತು, ಎಷ್ಟು ಹುದ್ದೆಗಳು ಖಾಲಿ ಇದ್ದವು, ಎಷ್ಟು ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದರು ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಕಡಿಮೆ ಇಟ್ಟುಕೊಂಡು ಹೆಚ್ಚು ಕಲಿಸಿದ ಶಾಲೆಗಳು ಆ ಜಿಲ್ಲೆಯಲ್ಲೇ ಇರುತ್ತವೆ. ಅವನ್ನು ಹುಡುಕಿ ಕೊಡುವ ವಿಧಾನ ನಮ್ಮ ಕೈಯಲ್ಲಿದೆ, ನಾವು ಬಳಸುತ್ತಿಲ್ಲ.

ವಿಧಾನಗಳು ಎಲ್ಲವನ್ನೂ ಸರಿ ಮಾಡುತ್ತವೆ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಅವನ್ನು ತಪ್ಪಾಗಿ ಬಳಸಿದರೆ ಭಾಗಾಕಾರಕ್ಕಿಂತ ಜಾಸ್ತಿ ಹಾನಿ. ವಿದ್ಯುತ್ ಕಂಪನಿಗಳನ್ನೇ ತೆಗೆದುಕೊಳ್ಳಿ. ಗಡಿರೇಖೆ ಎಳೆಯಲು ಡಿಇಎ (ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್) ಅಂತ ಇನ್ನೊಂದು ವಿಧಾನ ಇದೆ, ಚಾರ್ನ್ಸ್, ಕೂಪರ್, ರೋಡ್ಸ್ 1978ರಲ್ಲಿ ಕೊಟ್ಟದ್ದು. ಸೂತ್ರದ ಆಕಾರ ಮೊದಲೇ ಊಹಿಸಬೇಕಾಗಿಲ್ಲ, ಹಲವು ಉತ್ಪನ್ನಗಳನ್ನು ಒಟ್ಟಿಗೆ ನೋಡಬಹುದು, ಹಾಗಾಗಿ ಎಲ್ಲರಿಗೂ ಇಷ್ಟ. ಆದರೆ ಅದು ಅದೃಷ್ಟವನ್ನು ಬೇರೆ ಮಾಡುವುದಿಲ್ಲ, ಜೊತೆಗೆ ಘಟಕಗಳು ಕಡಿಮೆ ಇದ್ದರೆ ಎಲ್ಲರಿಗೂ ನೂರಕ್ಕೆ ನೂರು ಕೊಟ್ಟುಬಿಡುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಅಂತ ಐದು ಕಂಪನಿ ಇಟ್ಟುಕೊಂಡು ನಾಲ್ಕು ಒಳಸುರಿ, ಮೂರು ಉತ್ಪನ್ನ ಹಾಕಿದರೆ ಬರುವ ಉತ್ತರಕ್ಕೆ ಅರ್ಥವೇ ಇಲ್ಲ. ಉಪವಿಭಾಗದ ಮಟ್ಟಕ್ಕೆ ಇಳಿಯಬೇಕು. ಇಳಿದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇದೆ, ಎಷ್ಟೋ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಅವು ಬಳಸಿದ್ದು ಎಷ್ಟು ಅನ್ನುವುದು ಅಂದಾಜು. ಅಂದಾಜು ಜಾಸ್ತಿ ಹಾಕಿದರೆ ವಿತರಣಾ ನಷ್ಟ ಕಡಿಮೆ ಕಾಣುತ್ತದೆ, ಕಡಿಮೆ ಹಾಕಿದರೆ ನಷ್ಟ ಜಾಸ್ತಿ ಕಾಣುತ್ತದೆ. ಬೋರ್‌ವೆಲ್ ಜಾಸ್ತಿ ಇರುವ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಉಪವಿಭಾಗವನ್ನೂ ಜಯನಗರದ ಉಪವಿಭಾಗವನ್ನೂ ಒಂದೇ ಪಟ್ಟಿಯಲ್ಲಿ ಇಡುವ ಮುಂಚೆ ಈ ಅಂದಾಜನ್ನು ಸರಿ ಮಾಡಬೇಕು.

ಬೇರೆ ದೇಶಗಳ ನಿಯಂತ್ರಕರು ಇದನ್ನೆಲ್ಲ ಎದುರಿಸಿದ್ದಾರೆ. ನಾರ್ವೆ ವಿದ್ಯುತ್ ವಿತರಣಾ ಕಂಪನಿಗಳಿಗೆ ಸಿಗಬೇಕಾದ ಆದಾಯ ನಿಗದಿ ಮಾಡಲು ಡಿಇಎ ಬಳಸುತ್ತದೆ. ಜರ್ಮನಿ ಡಿಇಎ ಮತ್ತು ಸ್ಟೊಕಾಸ್ಟಿಕ್ ಫ್ರಂಟಿಯರ್ ಎರಡನ್ನೂ ಓಡಿಸಿ, ಕಂಪನಿಗೆ ಅನುಕೂಲವಾದ ಅಂಕವನ್ನು ತೆಗೆದುಕೊಳ್ಳುತ್ತದೆ, ಶೇ. 60ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಅಳತೆಯಲ್ಲಿ ಅನುಮಾನ ಇದ್ದರೆ ಅದರ ಲಾಭ ಅಳೆಸಿಕೊಂಡವರಿಗೆ ಸಿಗಲಿ ಅನ್ನುವ ನಿಯಮ ಅದು. ನಮ್ಮ ಡಿಪೋ ಮ್ಯಾನೇಜರಿಗೆ, ಹೆಡ್ ಮಾಸ್ತರಿಗೆ, ಸೆಕ್ಷನ್ ಆಫೀಸರಿಗೆ ಇಷ್ಟು ನ್ಯಾಯವಾದರೂ ಸಿಗಬೇಡವೇ?

ಇದೆಲ್ಲ ತುಂಬಾ ಕಷ್ಟದ ವಿದ್ಯೆ, ಇಲಾಖೆಯಲ್ಲಿ ಮಾಡುವವರು ಯಾರು ಅಂತ ನೀವು ಕೇಳಬಹುದು. ಮೈಸೂರು ರಸ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರ ಇದೆ. ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಇದೆ. ಬನ್ನೇರುಘಟ್ಟ ರಸ್ತೆಯಲ್ಲಿ ಐಐಎಂ ಇದೆ. ಈ ಲೆಕ್ಕ ಮಾಡುವ ಸಾಫ್ಟ್‌ವೇರ್ ಪೂರ್ತಿ ಉಚಿತ, ನನ್ನ ವಿದ್ಯಾರ್ಥಿಗಳು ಹಳೇ ಲ್ಯಾಪ್‌ಟಾಪಿನಲ್ಲೇ ಓಡಿಸುತ್ತಾರೆ. ಕೊರತೆ ಇರುವುದು ಅಂಕಿಯದು. ಒಬ್ಬಳು ವಿದ್ಯಾರ್ಥಿನಿ ತನ್ನ ಪ್ರಾಜೆಕ್ಟಿಗೆ ಒಂದು ಸರ್ಕಾರಿ ಕಚೇರಿಯಲ್ಲಿ ಘಟಕವಾರು ಅಂಕಿ ಕೇಳಿದಳು. ಅಲೆದಾಡಿಸಿ ಕೊನೆಗೆ ಕೊಟ್ಟದ್ದು ಓರೆಯಾಗಿ ಸ್ಕ್ಯಾನ್ ಮಾಡಿದ ಹಾಳೆಗಳನ್ನು. ಅರ್ಧ ಓದಲು ಬರಲಿಲ್ಲ. ಆ ಅಂಕಿಗಳು ಅದೇ ಕಚೇರಿಯ ಕಂಪ್ಯೂಟರಿನಲ್ಲಿ ಎಕ್ಸೆಲ್ ಕಡತವಾಗಿ ಇದ್ದವು. ಅವಳು ಕೊನೆಗೆ ವಿಷಯ ಬದಲಿಸಿ ಬೇರೆ ದೇಶದ ದತ್ತಾಂಶದ ಮೇಲೆ ಪ್ರಾಜೆಕ್ಟ್ ಬರೆದಳು. ನಮ್ಮ ಊರಿನ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂತ ಹೊರಟ ಹುಡುಗಿ ಅವಳು. ಇದು ನನಗೆ ಇವತ್ತಿಗೂ ನೋವು.

ಹಾಗಾಗಿ ಕೇಳುತ್ತೇನೆ. ಕೇಂದ್ರದ ಸಮೀಕ್ಷೆಯವರು ಕಾರ್ಖಾನೆಗಳಿಗೆ ಮಾಡುವುದನ್ನೇ ನೀವು ರಾಜ್ಯದ ಡಿಪೋ, ಶಾಲೆ, ಆರೋಗ್ಯ ಕೇಂದ್ರ, ವಿದ್ಯುತ್ ಉಪವಿಭಾಗಗಳಿಗೆ ಮಾಡಿ. ಜನರ ಹೆಸರು ತೆಗೆಯಿರಿ, ಘಟಕಕ್ಕೆ ಪ್ರತಿವರ್ಷ ಬದಲಾಗದ ಒಂದು ಸಂಖ್ಯೆ ಕೊಡಿ, ಕನಿಷ್ಠ ಹತ್ತು ವರ್ಷದ ಅಂಕಿಯನ್ನು ಕಂಪ್ಯೂಟರ್ ಓದುವ ರೂಪದಲ್ಲಿ ಹಾಕಿ. ಆ ಬದಲಾಗದ ಸಂಖ್ಯೆ ತುಂಬಾ ಮುಖ್ಯ, ಅದಿಲ್ಲದಿದ್ದರೆ ಈ ವರ್ಷದ ಡಿಪೋವನ್ನು ಹೋದ ವರ್ಷದ ಡಿಪೋಗೆ ಜೋಡಿಸಲು ಆಗದೆ ಮಳೆ ಮತ್ತು ಅಭ್ಯಾಸವನ್ನು ಬಿಡಿಸುವ ದಾರಿಯೇ ಮುಚ್ಚಿಹೋಗುತ್ತದೆ. ದಕ್ಷತೆಯ ಅಂಕ ಪ್ರಕಟಿಸುವುದಾದರೆ ಒಂದೇ ಅಂಕಿ ಕೊಡಬೇಡಿ, ಇಷ್ಟರಿಂದ ಇಷ್ಟರವರೆಗೆ ಅಂತ ವ್ಯಾಪ್ತಿ ಕೊಡಿ. ಹೊರೇಸ್ ಮತ್ತು ಶ್ಮಿಟ್ 1996ರಲ್ಲೇ ಆ ವ್ಯಾಪ್ತಿ ಹೇಗೆ ತೆಗೆಯಬೇಕು ಅಂತ ತೋರಿಸಿದ್ದಾರೆ. ವ್ಯಾಪ್ತಿ ಹಾಕಿದ ತಕ್ಷಣ ಪಟ್ಟಿಯ ನಡುವೆ ಇರುವ ಬಹುಪಾಲು ಘಟಕಗಳು ಒಂದರಿಂದ ಒಂದು ಬೇರೆಯೇ ಅಲ್ಲ ಅಂತ ನಿಮಗೇ ಕಾಣುತ್ತದೆ. ಎರಡು ವಿಧಾನ ಬಳಸಿ, ಎರಡರ ಉತ್ತರವನ್ನೂ ಹಾಕಿ. ಯಾರಿಂದಲಾದರೂ ಉತ್ತರ ಕೇಳುವ ಮುಂಚೆ ಅವರ ಲೆಕ್ಕವನ್ನು ಅವರಿಗೇ ಮೊದಲು ತೋರಿಸಿ, ನಿಮ್ಮಂಥದ್ದೇ ರಸ್ತೆ, ನಿಮ್ಮಷ್ಟೇ ಬಸ್ಸು ಇಟ್ಟುಕೊಂಡು ಈ ಡಿಪೋ ಇಷ್ಟು ಮಾಡಿದೆ ಅಂತ ಹೆಸರು ಹೇಳಿ ಜೋಡಿ ಕೊಡಿ.

ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಹೇಳಿತು. ಯಾವ ಸೂಚಕ ಅಂತ ಬಿಚ್ಚಿ ಹೇಳಿದ್ದರಿಂದ ಜನ ಇಪ್ಪತ್ತು ವರ್ಷ ಅದನ್ನು ಹಿಡಿದು ಜಗಳ ಆಡಿದರು, ಹಣ ಕೇಳಿದರು, ತಿದ್ದುಪಡಿ ಕೇಳಿದರು. ಅದು ಅಭಿವೃದ್ಧಿಯ ಅಳತೆ, ನಾನು ಕೇಳುತ್ತಿರುವುದು ದಕ್ಷತೆಯ ಅಳತೆ, ಆದರೆ ತೆರೆದಿಡುವ ಗುಣ ಅದೇ ಬೇಕು.

ಎಲ್ಲ ವಲಯವನ್ನೂ ಒಟ್ಟಿಗೆ ಶುರು ಮಾಡುವುದು ಬೇಡ. ಸಾರಿಗೆ ನಿಗಮಗಳ ಡಿಪೋಗಳಿಂದ ಶುರು ಮಾಡಿ. ಟಿಕೆಟ್ ಮೆಷಿನ್‌ನಲ್ಲಿ ಪ್ರತಿ ಟಿಕೆಟ್ ದಾಖಲಾಗುತ್ತದೆ, ಶೂನ್ಯ ಟಿಕೆಟ್ ಕೂಡ. ಡೀಸೆಲ್ ಲೆಕ್ಕ ಇದೆ, ಸಿಬ್ಬಂದಿ ಹಾಜರಿ ಇದೆ, ಗುತ್ತಿಗೆ ಬಸ್ಸಿನ ಕಿಲೋಮೀಟರ್ ಬಿಲ್ಲು ಇದೆ, ಬಸ್ಸಿನ ವೇಗ ಹೇಳುವ ಜಿಪಿಎಸ್ ಇದೆ. ನಾಲ್ಕು ನಿಗಮ ಸೇರಿದರೆ ಡಿಪೋಗಳು ಸಾಕಷ್ಟಿವೆ, ಐದು ವಿದ್ಯುತ್ ಕಂಪನಿಗಳ ತೊಡಕು ಇಲ್ಲಿ ಇಲ್ಲ. ಈ ಅಂಕಿಗಳನ್ನು ಹಾಕಿದರೆ ಮೊದಲ ಲೆಕ್ಕವನ್ನು ನಾನು ಮತ್ತು ನನ್ನ ವಿದ್ಯಾರ್ಥಿಗಳು ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತೇವೆ, ಕನ್ನಡದಲ್ಲಿ ವರದಿ ಬರೆಯುತ್ತೇವೆ, ಡಿಪೋಗಳಿಗೇ ಬಂದು ವಿವರಿಸುತ್ತೇವೆ. ತಪ್ಪು ಕಂಡರೆ ಡಿಪೋದವರೇ ಹೇಳಲಿ, ತಿದ್ದಿ ಮತ್ತೆ ಓಡಿಸುತ್ತೇವೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ಎಕನಾಮೆಟ್ರಿಕ್ಸ್ ಮೇಷ್ಟ್ರು